ನಾಲ್ಕನೇ ನಂಬರು

ಒಂದೇ ಒಳ್ಳೆಯದೋ, ಆರು ಸಾಧಾರಣದವೋ—
ಲೂಯಿಸ್ ದ್ವೀಪದ ನಮ್ಮ ಶಾಲೆಯಲ್ಲಿ
ಎರಡು ಸಂಜೆ ಚರ್ಚೆ, ಮೂರು ಕೆಟಲ್ ಚಹಾ.
ಜಾಮ್ ಮಾರಿದ ದುಡ್ಡು. ಕೊನೆಗೆ ಆರು ಬಂದವು.
ಬೆನ್ನಿಗೆ ನಂಬರು ಬರೆದವಳು ನಾನು,
ಉಗುರುಬಣ್ಣದಲ್ಲಿ; ಮಾರ್ಕರ್ ಕೈಬೆವರಿಗೆ ನಿಲ್ಲುವುದಿಲ್ಲ.

ಕೀಲಿ ನನ್ನದು. ಚಾರ್ಜರ್ ನನ್ನದು. ರಿಜಿಸ್ಟರೂ:
ಹೆಸರು, ತರಗತಿ, ಹೊತ್ತು, ಕಾರಣ.
ಶುಕ್ರವಾರ ಮೂರಕ್ಕೆ ಕಾರ್ಡುಗಳನ್ನೆಲ್ಲ ಅಳಿಸುತ್ತೇನೆ—
ಕುರಿಯ ಮೂಗು, ಯಾರದೋ ಮೊಣಕಾಲು,
ಹೆಡ್‌ಮಿಸ್ಸು ಆಕಳಿಸಿದ್ದು, ಅದನ್ನು ಮಾತ್ರ ಎರಡು ಸಲ ನೋಡಿ,
ಮಸುಕು, ಮಸುಕು, ಹೆಬ್ಬೆರಳು, ಸಮುದ್ರ.
'ಖಚಿತವೇ?' ಎಂದು ಕೇಳುತ್ತದೆ ಪ್ರತಿ ಸಲ.
ಹೌದು ಎನ್ನುವುದಕ್ಕೇ ನನಗೆ ಸಂಬಳ.

ನಾಲ್ಕನೆಯದು ಹತ್ತು ಕೈ ಕಂಡು ಹಣ್ಣಾಗಿದೆ.
ಬ್ಯಾಟರಿ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು;
ಕಾರ್ಡು ನವೆಂಬರಿನ ಗಾಳಿಯಲ್ಲಿ ಎಲ್ಲೋ ಹೋಯಿತು,
ಹೊಸದಕ್ಕೆ ಮಾರ್ಚಿನವರೆಗೆ ದುಡ್ಡಿಲ್ಲ.
ಆದರೂ ಗುರುವಾರ ಗುರುವಾರ ಬಂದು
ಐದನೇ ತರಗತಿಯ ಓಯ್ರಿಕ್ ಮೆಕಾಸ್ಕಿಲ್
ಅದನ್ನೇ ಕೇಳುತ್ತಾಳೆ.
'ಅದರಲ್ಲಿ ಏನೂ ಉಳಿಯುವುದಿಲ್ಲ, ಮಗು.'
'ಗೊತ್ತು,' ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳುತ್ತಾಳೆ.

ಕಿಟಕಿಯಿಂದ ಕಾಣುತ್ತದೆ:
ಕುಕ್ಕರಗಾಲಲ್ಲಿ ಕೂತು, ಬೇಲಿಗೋಡೆಯ
ಒಂದೇ ಕಲ್ಲಿನ ಎದುರು ತುಂಬ ಹೊತ್ತು
ಉಸಿರು ಕಟ್ಟಿರುತ್ತಾಳೆ. ಒತ್ತುತ್ತಾಳೆ.
ಎದ್ದು ಮೊಣಕಾಲು ಒರೆಸಿಕೊಳ್ಳುತ್ತಾಳೆ.

ಕಾರಣದ ಅಂಕಣದಲ್ಲಿ ಮಿಕ್ಕವರೆಲ್ಲ
'ಪ್ರಾಜೆಕ್ಟ್' ಎಂದು ಗೀಚಿರುತ್ತಾರೆ.
ಅವಳದು ಖಾಲಿ. ಖಾಲಿ ಬಿಡುವಂತಿಲ್ಲ.
ಪೆನ್ನು ತೆಗೆದು ನಾನೇ ಬರೆದೆ: ಕಲ್ಲು.
ಮುಂದಿನ ವಾರ: ಕಲ್ಲು.
ಅದರ ಮುಂದಿನದು, ಸ್ವಲ್ಪ ಯೋಚಿಸಿ: ಅದೇ ಕಲ್ಲು.

ಮಾರ್ಚಿನಲ್ಲಿ ಹೊಸ ಕಾರ್ಡು ಬಂತು.
ಮೇಜಿನ ಖಾನೆಯಲ್ಲಿದೆ. ಪೊಟ್ಟಣ ಒಡೆದಿಲ್ಲ.