ಅರ್ಧ ಸೆಕೆಂಡಿನಾಚೆ

ಕೂಬರ್ ಪೀಡಿಯಲ್ಲಿ ಮನೆಗಳು ನೆಲದ ಕೆಳಗೆ.
ಹೊರಗೆ ನಲವತ್ತಾರು ಡಿಗ್ರಿ ಬಿಸಿಲು ಸುಡುವಾಗ
ಒಳಗೆ ಇಪ್ಪತ್ತಮೂರು, ಹಗಲಿರುಳೂ ಅಷ್ಟೇ.
ಅದಕ್ಕೇ ಹುಡುಗರು ಮುದುಕ ಜ್ಲಾಟ್ಕೊನ ಹತ್ತಿರ ಹೋದದ್ದು:
ನಿನ್ನ ಖಾಲಿ ಕೋಣೆ ಕೊಡು,
ಅಲ್ಲಿ ಸರ್ವರಿಗೆ ಏಸಿ ಬೇಕಾಗುವುದಿಲ್ಲ.

ಓಪಲ್ ಸಿಗದೆ ಕೈಬಿಟ್ಟ ಕೋಣೆ ಅದು.
ಗೋಡೆಯ ತುಂಬ ಯಂತ್ರದ ಹಲ್ಲಿನ ಗೀರು.
ತಗೊಳ್ಳಿ ಅಂದ, ಏನಾದರೂ ಹೊಳೆಯಲಿ ಅಲ್ಲಿ.

ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.
ಔಷಧಿ ಅಂಗಡಿಯವಳು, ಚೀಟಿ ಓದಿ ಅಭ್ಯಾಸ,
ಯಾರಿಗೆ ಎಷ್ಟು ಮಿಲಿಗ್ರಾಂ ಎಂದು ಅಳೆಯುವ ಕೈ.
ಇದ್ದದ್ದು ಒಂಬೈನೂರು ಡಾಲರ್,
ಸಾಸೇಜು ಸುಟ್ಟು ಮಾರಿ ಕೂಡಿಸಿದ್ದು.

ಆರ್ಲೋಗೆ ಮೂವತ್ತೆರಡು ಕೋರಿನ ಹಳೇ ಸರ್ವರ್ ಮೇಲೆ ಕಣ್ಣು.
ಅಡಿಲೇಡಿನ ಯಾವುದೋ ಬ್ಯಾಂಕು ಕಳಚಿ ಹಾಕಿದ್ದು,
ಆನೆಯಂಥದು, ಆನೆಯಂತೆಯೇ ಕರೆಂಟು ತಿನ್ನುವಂಥದು.
ಬೇಡ ಅಂದೆ.
ಮೂವತ್ತೆರಡು ಜನ ಸುತ್ತ ಕೂತರೂ
ಸೂಜಿಗೆ ದಾರ ಪೋಣಿಸುವುದು ಒಬ್ಬರೇ.
ಈ ಆಟದ ಲೋಕ ತಿರುಗುವುದು ಒಂದೇ ಕೋರಿನ ಮೇಲೆ.
ನಾಲ್ಕಿರಲಿ ಸಾಕು, ಗಡಿಯಾರ ಮಾತ್ರ ಚುರುಕಾಗಿರಲಿ.
ಮೆಮೊರಿ, ತಪ್ಪನ್ನು ತಾನೇ ತಿದ್ದಿಕೊಳ್ಳುವ ಬಗೆಯದು
(ಅಂಥ ಮನುಷ್ಯರು ಮಾರಾಟಕ್ಕಿದ್ದರೆ
ಸಾಲ ಮಾಡಿಯಾದರೂ ತರುತ್ತಿದ್ದೆ).
ಎಸ್‌ಎಸ್‌ಡಿ ಎರಡು, ಒಂದು ಸತ್ತರೆ ಇನ್ನೊಂದಕ್ಕೆ ನೆನಪಿರಲಿ ಎಂದು.
ಫ್ಯಾನಿಗೆ ಜಾಲರಿ: ಇಲ್ಲಿಯ ಕೆಂಪು ಧೂಳು
ಸೀಲು ಒಡೆಯದ ಮಾತ್ರೆ ಬಾಟಲಿಯಲ್ಲೂ ಸಿಕ್ಕಿದ್ದುಂಟು.

ವೈಫೈ ಆಸೆ ಮೊದಲ ದಿನವೇ ಸತ್ತಿತು.
ಪಕ್ಕದ ಕೋಣೆಗೆ ಹೊರಟ ಸಿಗ್ನಲ್
ಕಲ್ಲಿಗೆ ಹಣೆ ಹಚ್ಚಿ ನಿಂತೇಬಿಡುತ್ತಿತ್ತು.
ಜ್ಲಾಟ್ಕೊ ಎದ್ದ. ಹನ್ನೊಂದು ವರ್ಷ ಮುಟ್ಟದ ಡ್ರಿಲ್ಲು ತಂದ.
ಮೂರು ಗೋಡೆ, ಮೂರು ತೂತು.
ಪ್ರತಿ ತೂತಿನ ಪುಡಿಯನ್ನೂ ಅಂಗೈಗೆ ಸುರಿದು
ಟಾರ್ಚು ಬಿಟ್ಟು ನೋಡಿದ. ಹಳೇ ಚಾಳಿ.
ನೀಲಿ ಕೇಬಲ್ ಎಳೆದೆವು.
ಹದಿನಾರು ಕಿಂಡಿಯ ಸ್ವಿಚ್ಚಿನಲ್ಲಿ
ಹಸಿರು ದೀಪ ಒಂದೊಂದೇ ಮಿಟುಕಿದಾಗ
ಅವನು ಏನೂ ಅನ್ನಲಿಲ್ಲ,
ಕೋಣೆಯ ಬಲ್ಬು ಆರಿಸಿ ನೋಡುತ್ತ ನಿಂತ.

ಒಳಗೆ ಕೂತವರಿಗೆ ಪಿಂಗ್ ಒಂದು ಮಿಲಿಸೆಕೆಂಡು.
ಊರವರಿಗೆ ಮೂವತ್ತೋ ನಲವತ್ತೋ.
ಟೆಗನ್‌ಗೆ ಆರುನೂರ ಹತ್ತು.

ಅವಳಿರುವುದು ನೂರೆಪ್ಪತ್ತು ಕಿಲೋಮೀಟರ್ ಆಚೆ, ದನದ ಸ್ಟೇಷನ್ನಿನಲ್ಲಿ.
ಅವಳ ಒಂದೊಂದು ಹೆಜ್ಜೆಯೂ ಆಕಾಶಕ್ಕೆ ಏರಿ
ಉಪಗ್ರಹದ ಹೊಸ್ತಿಲು ಮುಟ್ಟಿ ಇಳಿದು ಬರಬೇಕು.
ಬರುವಷ್ಟರಲ್ಲಿ ಅವಳನ್ನು ಕೊಂದವನು
ಬೇರೆ ಬೀದಿಯಲ್ಲಿ ಇನ್ನೊಬ್ಬನನ್ನು ಅಟ್ಟುತ್ತಿರುತ್ತಾನೆ.
ಅವಳು ಗುರಿಯಿಡುವುದು
ಮನುಷ್ಯ ಆಗಲೇ ಎದ್ದು ಹೋದ ಜಾಗಕ್ಕೆ.

ಯಾವ ಸ್ವಿಚ್ಚು ಕೊಂಡರೂ ಬೆಳಕಿನ ಕಾಲು ಉದ್ದವಾಗಲಿಲ್ಲ.
ಉಳಿದ ಎಂಬತ್ತು ಡಾಲರಿಗೆ ಅವಳ ಮನೆಗೊಂದು ರೂಟರ್ ಕಳಿಸಿದೆವು.
ಆರುನೂರ ಹತ್ತು ಐನೂರ ತೊಂಬತ್ತೆಂಟಾಯಿತು.
ಥ್ಯಾಂಕ್ಸ್ ಅಂದಳು, ಬಹಳ ವಿನಯದಿಂದ.

ಆ ರಾತ್ರಿ ನನಗೆ ಚೌಕಾಬಾರ ನೆನಪಾಯಿತು.
ಕವಡೆ ಉರುಳಿ ನಿಲ್ಲುವ ತನಕ
ನಾಲ್ಕೂ ಮನೆಯವರು ಉಸಿರು ಹಿಡಿದು ಕೂರುವ ಆಟ,
ಕಾಯುವುದೂ ಆಟದ ಒಳಗೇ ಸೇರಿದ್ದು.
ಅದನ್ನೆಲ್ಲ ಹೇಳಲಿಲ್ಲ. ಶುಕ್ರವಾರಕ್ಕೆ
ಸರದಿಯ ಆಟವೊಂದು ಹಾಕಿ ಎಂದಷ್ಟೇ ಅಂದೆ,
ಕೋಟೆ ಕಟ್ಟಿ, ನಡೆ ಇಟ್ಟು, ಸುಮ್ಮನಿರುವಂಥದು.
ಅದಕ್ಕೆ ನಮ್ಮ ಚುರುಕು ಗಡಿಯಾರ ದಂಡವೇ.
ಆರ್ಲೋ ಮುಖ ಸಿಂಡರಿಸಿದ. ಹಾಕಿದ.

ಮೂರು ಶುಕ್ರವಾರದಿಂದ ಟೆಗನ್ ಸೋತಿಲ್ಲ.
ಅವಳ ಸರದಿ ಬಂದಾಗ ಹುಡುಗರು ಉಗುರು ಕಡಿಯುತ್ತಾರೆ.
ಜ್ಲಾಟ್ಕೊ ಬಾಗಿಲಿಗೆ ಕುರ್ಚಿ ಹಾಕಿಕೊಂಡು
ಇನ್ನೂ ಬಂದಿಲ್ಲವಾ ಎನ್ನುತ್ತಾನೆ.
ಬರ್ತಾ ಇದೆ ಎನ್ನುತ್ತೇನೆ,
ಮೇಲೆ, ಈ ಕಲ್ಲಿನಾಚೆ,
ಎಲ್ಲೋ ದಾರಿಯಲ್ಲಿದೆ.