ಕಿಲುಬು

ನಿನಗೆ ಬಣ್ಣ ಹಾಕಿದವಳು ನಾನು, ಎಟೆಲ್ಕಾ ಬೋದ್ನಾರ್,
ಬ್ರಿಜ್‌ಪೋರ್ಟಿನ ಅಚ್ಚುಕೂಟದ ಮೂರನೆ ಮಹಡಿ,
ಕಿಟಕಿಯಿಂದ ಎರಡನೆ ಮೇಜು.
ಬರೆದವನು ನ್ಯೂಯಾರ್ಕಿನಲ್ಲಿದ್ದ, ಮುಖ ಕಂಡಿಲ್ಲ.
ಪುಟದಂಚಿನಲ್ಲಿ ಅವನ ಪೆನ್ಸಿಲ್ ಅಕ್ಷರ ಕಂಡಿದ್ದೇನೆ:
‘ಖಳನಿಗೆ ಹಸಿರು. ಬೇಗ.’

ಹತ್ತು ಸೆಂಟಿನ ಕಾಮಿಕ್ಕಿನಲ್ಲಿ
ನಿನ್ನ ಹುಟ್ಟಿಗೆ ಅವರು ಬಿಟ್ಟದ್ದು ಆರು ಚೌಕ.
ಒಂದರಲ್ಲಿ ಹಿತ್ತಾಳೆ ಕಾರ್ಖಾನೆಯ ಹೊಗೆ.
ಎರಡರಲ್ಲಿ ನೀನು, ಆಗಿನ್ನೂ ಬರೀ ವಾಲ್ಡೋ ಗ್ರಿಮ್ಸ್,
ಟೋಪಿ ಕೈಯಲ್ಲಿ ಹಿಡಿದು ಮಾಲೀಕನ ಮುಂದೆ.
ಮೂರರಲ್ಲಿ ಮಾಲೀಕನ ಹಲ್ಲು.
ನಾಲ್ಕರಲ್ಲಿ ಆಸಿಡ್ ತೊಟ್ಟಿ, ಅದರ ಮೇಲೆ ಎರಡು ಬೂಟು.
ಐದರಲ್ಲಿ ಗುಳ್ಳೆ.
ಆರರಲ್ಲಿ ನೀನೆದ್ದೆ, ತಾಮ್ರದ ಹಂಡೆ ಮಳೆಗೆ ಬಿಟ್ಟ ಹಾಗೆ
ಮೈಯೆಲ್ಲ ಕಿಲುಬು, ಹೆಸರೂ ಕಿಲುಬ,
ಮುಟ್ಟಿದ್ದೆಲ್ಲ ತುಕ್ಕು,
ಬಾಯಿಯ ಪಕ್ಕದ ಬಲೂನಿನಲ್ಲಿ ‘ಸೇಡು!’

ಯಾಕೆ ಸೇಡು, ಯಾರ ಮೇಲೆ, ಎಷ್ಟು,
ಕೇಳುವುದಕ್ಕೆ ಏಳನೆಯ ಚೌಕ ಇರಲಿಲ್ಲ.
ಅಲ್ಲಿ ಸೈಕಲ್ಲಿನ ಜಾಹೀರಾತು.

ಜನಕ್ಕೆ ಗೊತ್ತಿಲ್ಲ, ನಾವು ಬಣ್ಣದ ಹೆಂಗಸರು
ಬಣ್ಣ ನೋಡುತ್ತಲೇ ಇರಲಿಲ್ಲ.
ಹಳದಿಗೊಂದು ಹಾಳೆ, ಕೆಂಪಿಗೊಂದು, ನೀಲಿಗೊಂದು,
ಎಲ್ಲದಕ್ಕೂ ಬಳಿಯುವುದು ಅದೇ ಕಂದುಗಪ್ಪು ರಾಡಿ.
ಯಂತ್ರ ಒಂದರ ಮೇಲೊಂದು ಒತ್ತಿದಾಗಲೇ
ಯಾರು ಯಾರೆಂದು ತಿಳಿಯುವುದು.
ಹಸಿರಿಗೆಂದು ನಮ್ಮಲ್ಲಿ ಬೇರೆ ಶಾಯಿ ಇರಲಿಲ್ಲ.
ನಾಯಕನ ಕೂದಲಿನ ಹಳದಿ, ನಾಯಕನ ಹೊದಿಕೆಯ ನೀಲಿ,
ಅವನಲ್ಲಿ ಬೇರೆ ಬೇರೆ ಕಡೆ ಇದ್ದವು,
ನಿನ್ನಲ್ಲಿ ಒಂದೇ ಕಡೆ ಬಿದ್ದವು.
ನಿನ್ನ ವಂಶಾವಳಿ ನನಗೆ ಗೊತ್ತಿರುವುದು ಅಷ್ಟೇ.

ಮನೆಯಲ್ಲಿ ಗೆಲ್ಲೇರ್ಟ್, ನನ್ನ ಗಂಡ.
ಹಿತ್ತಾಳೆ ಗಿರಣಿಯ ರೋಲರು ಅವನ ಬಲಗೈಯ
ಮೂರು ಬೆರಳು ತಿಂದು ನಾಲ್ಕು ವರ್ಷ.
ಅಜಾಗರೂಕತೆ, ಅಂತ ಕಂಪನಿಯ ಕಾಗದ.
ಅವನು ಯಾರ ಮೇಲೂ ಸೇಡು ತೀರಿಸಲಿಲ್ಲ.
ಎಡಗೈಯಲ್ಲಿ ಚಮಚ ಹಿಡಿಯಲು ಕಲಿತ,
ಸೂಪು ಅಂಗಿಗೆ ಚೆಲ್ಲಿದರೆ ಹಳೆ ದೇಶದ ಭಾಷೆಯಲ್ಲಿ ಬೈದ,
ಭಾನುವಾರ ಬಾಗಿಲ ಹಿಡಿಗೆ ಉಪ್ಪು ವಿನೆಗರ್ ಹಚ್ಚಿ ಉಜ್ಜಿದ,
ಬಾಡಿಗೆ ಮನೆ, ಹಿಡಿಯೂ ಇನ್ನೊಬ್ಬರದು,
ಆದರೂ ಮುಖ ಕಾಣುವ ತನಕ ಬಿಡುತ್ತಿರಲಿಲ್ಲ.
ಒಮ್ಮೆ ನಿನ್ನ ನಾಲ್ಕನೆ ಚೌಕ ತೋರಿಸಿದೆ.
ನೋಡಿ ಅಂದ: ‘ತೊಟ್ಟಿಗೆ ಬಿದ್ದದ್ದಕ್ಕೆ
ಅರ್ಧ ದಿನದ ಕೂಲಿ ಹಿಡಿದಿರುತ್ತಾರೆ.’

ಐದನೆ ಸಂಚಿಕೆ, ಒಂಬತ್ತನೆ ಪುಟ,
ನಿನ್ನ ಬಲಗೈ ಹಸಿರಾಗದೆ ಅಚ್ಚಾಯಿತು.
ಮೈಯೆಲ್ಲ ಕಿಲುಬು,
ಮಣಿಕಟ್ಟಿನಿಂದಾಚೆ ಬರೀ ಕಾಗದ.
ನನ್ನ ಸಂಬಳದಲ್ಲಿ ಒಂದೂವರೆ ಡಾಲರ್ ಮುರಿದರು.

ಓಹಾಯೋದ ಹುಡುಗನೊಬ್ಬ ಪತ್ರ ಬರೆದ:
ಆ ಕೈಗೆ ಮಾತ್ರ ಯಾಕೆ ವಿಷ ಏರಿಲ್ಲ?
ನ್ಯೂಯಾರ್ಕಿನವನಿಗೆ ಅಷ್ಟು ಸಾಕಾಯಿತು.
ಹನ್ನೊಂದನೆ ಸಂಚಿಕೆಯಲ್ಲಿ ನಿನಗೊಬ್ಬ ಮಗಳು ಹುಟ್ಟಿದಳು,
ಹುಟ್ಟುವಾಗಲೇ ಏಳು ವರ್ಷ, ಹುಟ್ಟುವಾಗಲೇ ಸತ್ತವಳು.
ಆಸ್ಪತ್ರೆಯ ಕಡೆಯ ರಾತ್ರಿ ಅವಳು ಹಿಡಿದದ್ದು ಆ ಕೈ.
ಅವಳ ಔಷಧಿಗೆ ಮುಂಗಡ ಕೇಳಲೆಂದೇ
ನೀನು ಅವತ್ತು ಟೋಪಿ ತೆಗೆದದ್ದು.
ಮೂರನೆ ಚೌಕದ ಹಲ್ಲಿಗೆ ಹೀಗೆ ತಡವಾಗಿ ಅರ್ಥ ಬಂತು.
ಮಕ್ಕಳು ಅತ್ತರಂತೆ. ಎರಡು ಸಲ ಅಚ್ಚಾಯಿತು.
ಆಮೇಲೆ ಪುಟದಂಚಿನಲ್ಲಿ ಹೊಸ ಆಜ್ಞೆ:
‘ಬಲಗೈ ಬಿಡಿ.’
ಬಿಟ್ಟೆ. ಇಪ್ಪತ್ತಾರು ಸಂಚಿಕೆ ಬಿಟ್ಟೆ.
ಮುರಿದ ಒಂದೂವರೆ ಡಾಲರ್ ಮಾತ್ರ
ಯಾರೂ ವಾಪಸು ಕೊಡಲಿಲ್ಲ.

ಪಕ್ಕದ ಮೇಜಿನ ಹೆಂಗಸರು ಕೇಳುತ್ತಾರೆ,
ಗೆಲ್ಲೇರ್ಟನ ಕೈ ನೆನೆದು ಬಿಟ್ಟೆಯಾ ಅಂತ.
ಕೇಳಲಿ.
ಅವತ್ತು ಐದೂ ಇಪ್ಪತ್ತಾಗಿತ್ತು, ಬಸ್ಸು ಐದೂವರೆಗೆ,
ಕುಂಚ ತೊಳೆಯಬೇಕಿತ್ತು, ದೀಪ ಆರಿಸುತ್ತಿದ್ದರು.
ಬಸ್ಸಿನಲ್ಲಿ ಕೂತು ಕೈಗವಸು ಹಾಕಲು ಹೋದರೆ
ಬೆರಳ ಮೇಲೆ ರಾಡಿ ಇನ್ನೂ ಒಣಗಿರಲಿಲ್ಲ.