ಹನ್ನೊಂದು ಡಾಲರ್ ಬಾಕಿ

ಮೇ ತಿಂಗಳ ಕೊನೆಗೆ ಗುಡ್ಡದ ಮೇಲಿನ ಕಾಲೇಜು ಮುಚ್ಚಿತು.
ನೂರ ನಲವತ್ತೊಂದು ವರ್ಷ ಗಂಟೆ ಹೊಡೆದ ಗೋಪುರದಲ್ಲಿ
ಈಗ ಪಾರಿವಾಳಗಳದ್ದೇ ಹಾಜರಿ.
ಓಕ್ ಮೇಜುಗಳನ್ನು ಹರಾಜಿನಲ್ಲಿ ಹಿಡಿದವನು
ಡೆಮೋಯ್ನ್ ಕಡೆಯ ಒಬ್ಬ ಹೋಟೆಲಿನವನು.
ಆರ್ಗನ್ನನ್ನು ಯಾರೂ ಕೇಳಲಿಲ್ಲ.

ನಮಗೆ ಬಂದದ್ದು ಕಾಗದ.
ಖಾಸಗಿಯವರು ಕಣ್ಣುಮುಚ್ಚಿದರೆ ಅಂಕಪಟ್ಟಿ ಸರ್ಕಾರದ ಮಡಿಲಿಗೆ,
ಹಾಗೆಂದು ಯಾವಾಗಲೋ ಯಾರೋ ಸಹಿ ಹಾಕಿದ್ದರಂತೆ.
ಮುನ್ನೂರ ಹನ್ನೆರಡು ಪೆಟ್ಟಿಗೆ, ಎರಡು ಲಾರಿ,
ಸೇತುವೆ ದಾಟಿ ಇಳಿದು ಬಂದವು
ಜೋಳದ ಹೊಲ ಮುಗಿಯುವಲ್ಲಿ, ಟೈರಿನ ಅಂಗಡಿಯ ಪಕ್ಕ
ಸಿಮೆಂಟು ಬಣ್ಣದ ನಮ್ಮ ಕಾಲೇಜಿಗೆ.

ಊರಿನವರು ನಮ್ಮನ್ನು 'ಕೆಳಗಿನದು' ಅನ್ನುತ್ತಾರೆ.
ಹಿತ್ತಲ ಗಿಡ. ಮದ್ದಿಗೆ ಗುಡ್ಡ ಹತ್ತಬೇಕು.
ಇಲ್ಲಿ ಓದುವವರು
ಹಂದಿ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಅದೇ ಬೂಟಿನಲ್ಲಿ ಲೆಕ್ಕಶಾಸ್ತ್ರಕ್ಕೆ ಕೂತವರು;
ಎಪ್ಪತ್ತು ದಾಟಿ ವೆಲ್ಡಿಂಗ್ ಕಲಿಯಲು ಬಂದ ಒಬ್ಬ ಪಾದ್ರಿ.

ನಾನು ದಾಖಲೆ ವಿಭಾಗದವಳು, ಹದಿನಾರು ವರ್ಷದಿಂದ.
ಹುಬ್ಬಳ್ಳಿಯ ಟೈಪಿಂಗ್ ಕ್ಲಾಸು ಅಯೋವಾದಲ್ಲಿ ಅನ್ನ ಹಾಕಿತು.
ಮೊದಲ ಪೆಟ್ಟಿಗೆ ಬಿಚ್ಚಿದಾಗ
ಮೇಣ, ಇಲಿ, ಒದ್ದೆ ಉಣ್ಣೆಯ ವಾಸನೆ.
ಡ್ವೈಟ್ ಸೀನಿದ. "ಶ್ರೀಮಂತರ ಧೂಳು" ಅಂದ.
ಅಲ್ಲ ಮಾರಾಯ, ಶ್ರೀಮಂತರಾಗಿದ್ದರೆ ಮುಚ್ಚುತ್ತಿದ್ದರೇ?
ಹುಡುಗರು ಬರಲಿಲ್ಲ. ಛಾವಣಿ ಸೋರಿತು.
ಕೊನೆಯ ವರ್ಷ ಮೇಷ್ಟರುಗಳೇ ಹಿಮ ಗೋರಿದರು.

ಒಂದು ಬುಧವಾರ ಕಿಟಕಿಗೆ ಬಂದಳು ಲೊರೇನ್ ಟೀಟ್ಸ್,
ಕೊರಳಲ್ಲಿ ಶಾಲಾ ಬಸ್ಸಿನ ಕೀಲಿ.
"ನಮ್ಮಮ್ಮ ಗುಡ್ಡದ ಮೇಲೆ ಓದಿದವಳು.
ಪೂರ್ತಿ ಮುಗಿಸಿದೆ ಅನ್ನುತ್ತಿದ್ದಳು.
ಮನೆಯಲ್ಲಿ ಯಾರೂ ನಂಬಲಿಲ್ಲ.
ಅಪ್ಪನಂತೂ ಹಬ್ಬದ ಊಟದಲ್ಲಿ ಅದನ್ನೇ ಹೇಳಿ ನಗಿಸುತ್ತಿದ್ದ."

ಎಂಬತ್ತೆಂಟನೆಯ ಪೆಟ್ಟಿಗೆ. ಅರ್ಡಿಸ್, ಸಾವಿರದ ಒಂಬೈನೂರ ಐವತ್ತೊಂದು.
ಎಂಟು ಅವಧಿ, ಎಂಟೂ ತುಂಬಿದ ಸಾಲು.
ಲ್ಯಾಟಿನ್: ಬಿ. ಸಸ್ಯಶಾಸ್ತ್ರ: ಎ.
ನಡತೆ: ಉತ್ತಮ, ಆದರೆ ನಗುತ್ತಾಳೆ.
ಅಡಿಯಲ್ಲಿ ಕೆಂಪು ಶಾಯಿ, ಓರೆ ಅಕ್ಷರ:
ಗ್ರಂಥಾಲಯಕ್ಕೆ ಹನ್ನೊಂದು ಡಾಲರ್ ಬಾಕಿ,
ಪದವಿಪತ್ರ ತಡೆಹಿಡಿದಿದೆ.

ಲೊರೇನ್ ಬಹಳ ಹೊತ್ತು ಓದಿದಳು.
ಕೋಟಿನ ಜೇಬಿನಿಂದ ಒಂದೊಂದೇ ನೋಟು ತೆಗೆದು
ಹನ್ನೊಂದು ಎಣಿಸಿ ಗಾಜಿನ ಕೆಳಗೆ ಸರಿಸಿದಳು.

ಈಗ ಹೇಳಿ, ಇದನ್ನು ಯಾರ ಖಾತೆಗೆ ಬರೆಯಲಿ?
ಸಾಲ ಕೊಟ್ಟವರು ಸತ್ತರು, ತೆಗೆದುಕೊಂಡವಳೂ ಸತ್ತಳು,
ಪುಸ್ತಕ ಯಾವುದೋ, ಅದನ್ನೂ ಗೆದ್ದಲು ತಿಂದಿರಬೇಕು.
ಮೇಲಧಿಕಾರಿ ವಕೀಲರಿಗೆ ಬರೆದರು.
ವಕೀಲರು ಪರಿಶೀಲನೆಯಲ್ಲಿದೆ ಎಂದು ಬರೆದರು.

ಗುಡ್ಡದವರನ್ನು ಬೈಯೋಣವೆಂದು ಬಾಯಿ ತೆರೆದೆ, ಬರಲಿಲ್ಲ.
ನನ್ನದೇ ಪರದೆಯಲ್ಲಿ ಇವತ್ತು
ನಲವತ್ತಮೂರು ಹೆಸರುಗಳ ಎದುರು ಬೀಗದ ಗುರುತಿದೆ.
ಪಾರ್ಕಿಂಗ್ ದಂಡ, ಪ್ರಯೋಗಾಲಯದ ಒಡೆದ ಗಾಜು,
ಒಬ್ಬನದು ಆರೂವರೆ ಡಾಲರ್.
ಬೀಗ ಹಾಕಿದ ಬೆರಳು ನನ್ನದು.
ನಮ್ಮಲ್ಲಿ ಕೆಂಪು ಶಾಯಿ ಇಲ್ಲ, ಅಷ್ಟೇ.

ಪ್ರತಿ ತೆಗೆದೆ. ಕೆಂಪು ಸಾಲೂ ಅದರಲ್ಲಿ ಬಂತು.
ಯಾರನ್ನೂ ಕೇಳದೆ ಮುದ್ರೆ ಒತ್ತಿದೆ:
ನಮ್ಮ ಕಾಲೇಜಿನ ಹೆಸರು, ಅವರ ಕಾಲೇಜಿನ ಕಾಗದದ ಮೇಲೆ.
ಅವಳು ಬಾಗಿಲ ತನಕ ಹೋಗಿ ನಿಂತಳು.
"ಆದರೆ ನಗುತ್ತಾಳೆ," ಓದಿಕೊಂಡಳು ಜೋರಾಗಿ,
ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ.
ನಗಲಿಲ್ಲ. ಮೂರು ಗಂಟೆಗೆ ಅವಳ ಬಸ್ಸು ಹೊರಡಬೇಕಿತ್ತು.

ನೋಟುಗಳು ನನ್ನ ಡ್ರಾಯರಿನಲ್ಲಿವೆ, ಲಕೋಟೆಯಲ್ಲಿ.
ಲೆಕ್ಕ ತಪಾಸಣೆಯವರು ಬಂದಾಗ
ಅದರ ಮೇಲೆ ಊಟದ ಡಬ್ಬಿ ಇಡುತ್ತೇನೆ.
ಮೊನ್ನೆ ಡ್ವೈಟ್ ಒಂದು ಎಳೆದು ಕಾಫಿ ಕುಡಿದ,
ಸಂಜೆ ಬೇರೊಂದು ನೋಟು ತಂದು ಇಟ್ಟ,
ಇನ್ನೂ ಗರಿಗರಿಯಾದದ್ದು.
ಎಣಿಸಿದೆ. ಹನ್ನೊಂದು.